ಸೊಸೆ ಹೇಳಿದ ತವರಿನ ದರ

ಮೊನ್ನೆ ಟ್ರಂಕಿನ ಮುಚ್ಚಳ ತೆಗೆದೆ. ಬೇವಿನೆಲೆ, ನುಸಿಗುಳಿಗೆ ಇವುಗಳ ಅಡಿಯಿಂದ ಹಳೆಯ ಗಂಜಿಯ ವಾಸನೆ ಎದ್ದು ಬಂತು. ಇಳಕಲ್ ಸೀರೆಯ ಗಂಜಿ. ಎಷ್ಟು ಸಲ ಒಗೆದರೂ, ಎಷ್ಟು ವರ್ಷ ಮಡಚಿಟ್ಟರೂ ಅದು ಹೋಗುವುದಿಲ್ಲವೆಂದು ನಾನಂತೂ ನಂಬಿದ್ದೇನೆ. ಪಕ್ಕದಲ್ಲಿದ್ದ ಮೊಮ್ಮಗಳು ಸುಜಾತಾ ಸೀರೆಯನ್ನು ಮೂಗಿಗೆ ಹಿಡಿದು, "ಗಂಜಿ ಎಲ್ಲಿ ಅದ ಅಜ್ಜಿ? ಬರೇ ನುಸಿಗುಳಿಗಿ ವಾಸನಿ" ಎಂದಳು. ಇರಲಿ, ಅವಳ ಮೂಗು ಇನ್ನೂ ಎಳೆಯದು.

ಟ್ರಂಕು ತೆಗೆದದ್ದೂ ಅವಳಿಗಾಗಿಯೇ. ಅವಳ ಗಂಡ ಮಸ್ಕತ್ತಿನ ಬಂದರಿನಲ್ಲಿ ಕ್ರೇನು ರಿಪೇರಿ ಮಾಡುವವನು. ಅವನು ಹೋಗಿ ವರ್ಷವಾಯಿತು, ಈಗ ಇವಳೂ ಹೊರಟಿದ್ದಾಳೆ. ಹೊರಡುವ ಮೊದಲು ಮನೆಯಲ್ಲಿ ಬರೀ ಲೆಕ್ಕದ ಮಾತು. ಅಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲವಂತೆ. ಆದರೆ ಮನೆ ಬಾಡಿಗೆ ಕೇಳಿದರೆ ತೆರಿಗೆಯೇ ವಾಸಿ ಅನ್ನಿಸುತ್ತದಂತೆ. ಪೆಟ್ರೋಲು ನೀರಿನ ಹಾಗೆ, ನೀರು ಮಾತ್ರ ಪೆಟ್ರೋಲಿನ ಹಾಗೆ. ತೊಗರಿಬೇಳೆ ಎಷ್ಟು, ಹಾಲು ಎಷ್ಟು, ನಾಳೆ ಮಕ್ಕಳಾದರೆ ಶಾಲೆಗೆಷ್ಟು. ಗಂಡ ಫೋನಿನಲ್ಲಿ ರಿಯಾಲಿನಲ್ಲಿ ಹೇಳಿದ್ದನ್ನು ಇವಳು ರೂಪಾಯಿ ಮಾಡಿ ನನ್ನ ಮುಂದೆ ಒಪ್ಪಿಸುತ್ತಾಳೆ.

"ಅಲ್ಲಿ ಎಲ್ಲಾ ಸೋವಿ ಅದ ಅಜ್ಜಿ. ವಿಮಾನದ ಟಿಕೇಟೂ ಸೋವಿ. ವರ್ಷಕ್ಕೊಮ್ಮೆ ಬಂದ ಬರ್ತೀನಿ."

ನಾನು ನಕ್ಕೆ. ಯಾಕೆ ನಗುತ್ತೀ ಎಂದು ಅವಳಿಗೆ ಸಿಟ್ಟು. ನೀವೇ ಹೇಳಿ, ನಗದೆ ಏನು ಮಾಡಲಿ? ದೇಶ ಬಿಡುವ ಮನೆಯಲ್ಲಿ ಇದು ಸೋವಿ, ಅಂದರೆ ಅಗ್ಗ, ಅದು ತುಟ್ಟಿ ಎನ್ನುವ ಮಾತು ಹೇಗೆ ಹುಟ್ಟುತ್ತದೆ, ಯಾರ ಬಾಯಲ್ಲಿ ಹುಟ್ಟುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು? ಒಂದು ಕಾಲಕ್ಕೆ ಆಚೆಯ ದೇಶದ ದರವನ್ನೆಲ್ಲ ಹೇಳಬೇಕಾದ ಬಾಯಿ ನನ್ನದೇ ಆಗಿತ್ತು. ನನಗಾಗ ಹದಿನಾರೋ ಹದಿನೇಳೋ ವರ್ಷ.

ಆಗ ನಮ್ಮ ಸುರಪುರ ನಿಜಾಮರ ರಾಜ್ಯದಲ್ಲಿತ್ತು. ನನ್ನ ತವರು ತಾಳಿಕೋಟೆ ಇಂಗ್ಲಿಷರ ಕಡೆ. ಬೆಳಗ್ಗೆ ಬಂಡಿ ಹೂಡಿದರೆ ಹುಣಸಗಿಯಲ್ಲಿ ಒಂದು ವಸ್ತಿ, ಮರುದಿನ ಮಧ್ಯಾಹ್ನಕ್ಕೆ ತವರು. ಹೊಲ ಅದೇ, ಜೋಳ ಅದೇ, ಆಡುವ ಮಾತೂ ಹೆಚ್ಚುಕಡಿಮೆ ಅದೇ. ಆದರೆ ನಡುವೆ ಒಂದು ಹಳ್ಳ, ಹಳ್ಳದ ದಂಡೆಗೆ ಹಾದಿಗಡ್ಡವಾಗಿ ಒಂದು ಬಿದಿರ ಗಳ, ಗಳದ ಪಕ್ಕ ಒಂದು ಗುಡಿಸಲು. ಅದು ನಾಕಾ. ಆಚೆಯಿಂದ ಈಚೆ ಬರುವ ಮಾಲಿಗೆ ಅಲ್ಲಿ ಸುಂಕ ಕಟ್ಟಬೇಕು. ಕರೋಡಗಿರಿ ಎಂದು ಅದರ ಹೆಸರು. ಗಳದ ಈಚೆ ಚಾರಮಿನಾರಿನ ಚಿತ್ರವಿದ್ದ ಹಾಲಿ ರೂಪಾಯಿ, ಆಚೆ ರಾಜನ ತಲೆಯಿದ್ದ ಕಲ್ದಾರ ರೂಪಾಯಿ. ಒಂದು ಕಲ್ದಾರಕ್ಕೆ ನಮ್ಮದೊಂದು ರೂಪಾಯಿ ಕೊಟ್ಟು ಮೇಲೆ ಎರಡಾಣೆಗಿಂತ ತುಸು ಹೆಚ್ಚು ಕೊಡಬೇಕಿತ್ತು. ನನ್ನ ಮದುವೆಯಲ್ಲಿ ತಾಳಿಕೋಟೆಯ ಹೆಂಗಸರು, "ಪಾಪ, ಹುಡುಗೀನ ಮೊಗಲಾಯಿಗೆ ಕೊಟ್ರು" ಎಂದು ಲೊಚಗುಟ್ಟಿದ್ದರು. ನಿಜಾಮರ ಸೀಮೆಗೆ ಆಚೆಯವರು ಇಟ್ಟ ಹೆಸರು ಮೊಗಲಾಯಿ. ಇಲ್ಲಿ ಬಂದರೆ ಓಣಿಯವರು ನನ್ನನ್ನು 'ಕುಂಪಣಿ ಸೊಸಿ' ಎಂದು ಕರೆದರು. ನೀರು ತರಲು ಹೋದರೆ ನಾನು ಕೊಡ ಹಿಡಿಯುವುದು ಇಂಗ್ರೇಜಿ ರೀತಿಯೋ ಏನೋ ಎಂದು ನೋಡುವವರೂ ಇದ್ದರು.

ನಮ್ಮ ಮಾವನಿಗೆ ಸುರಪುರದ ಬಜಾರಿನಲ್ಲಿ ಕಿರಾಣಿ ಅಂಗಡಿ. ಬೆಲ್ಲ, ಕೊಬ್ಬರಿ, ಅಡಕೆ, ಚಿಮಣಿ ಎಣ್ಣೆ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಶಹಾಪುರದ ಮೇಲೆ ಬಂಡಿಯಲ್ಲಿ ಬರುವ ಮಾಲು ಕೆಲವು, ತಾಳಿಕೋಟೆಯ ಕಡೆಯಿಂದ ಬರುವುದು ಕೆಲವು. ಎಲ್ಲಿಂದ ಬಂದರೂ ಸುಂಕ. "ನನ್ನ ಬೆಲ್ಲ ನನಗಿಂತ ಮೊದಲು ಸರ್ಕಾರ ನೆಕ್ಕತದ" ಎಂದು ಮಾವ ಗೊಣಗುತ್ತಿದ್ದರು. ಆ ವರ್ಷ ತಾಳಿಕೋಟೆಯಲ್ಲಿದ್ದ ಅವರ ವ್ಯಾಪಾರದ ಗೆಳೆಯರೊಬ್ಬರು ಹೇಳಿ ಕಳಿಸಿದರು: ಬಜಾರಿನಲ್ಲಿ ಒಂದು ಅಂಗಡಿ ಖಾಲಿಯಾಗುತ್ತದೆ, ಬರುವುದಾದರೆ ದೀಪಾವಳಿ ಪಾಡ್ಯಕ್ಕೆ ಪೂಜೆ ಮಾಡಬಹುದು, ಶ್ರಾವಣ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಅನ್ನಬೇಕು.

ಮಾವನ ತಲೆಯಲ್ಲಿ ಹುಳ ಹೊಕ್ಕಿತು. ಅವರಿಗೆ ಇನ್ನೊಂದು ಆಸೆಯೂ ಇತ್ತು. ಇಲ್ಲಿನ ಶಾಲೆಯಲ್ಲಿ ಎಲ್ಲ ಉರ್ದು. ಹುಟ್ಟುವ ಮೊಮ್ಮಕ್ಕಳಾದರೂ ಅ ಆ ಬರೆದು ಕಲಿಯಲಿ ಎಂದು. ಮೊಮ್ಮಕ್ಕಳ ಸುಳಿವೇ ಇನ್ನೂ ಇರಲಿಲ್ಲ, ಆ ಮಾತು ಬೇರೆ. ಹಾಗೆಂದು ಕಣ್ಣು ಮುಚ್ಚಿ ಹೋಗುವ ಮನುಷ್ಯ ಅವರಲ್ಲ. ಒಂದು ಸೇರು ಕಡಲೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವವರು ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಸುಮ್ಮನೆ ಹೋಗುತ್ತಾರೆಯೇ? ಪಡಸಾಲೆಯಲ್ಲಿ ಎರಡು ಮಣ್ಣಿನ ಕುಡಿಕೆ ಇಟ್ಟರು. ಒಂದು ಮೊಗಲಾಯಿ ಕುಡಿಕೆ, ಒಂದು ಕುಂಪಣಿ ಕುಡಿಕೆ. ಉಪ್ಪೋ ಬೆಲ್ಲವೋ ಬಾಡಿಗೆಯೋ, ದಿನಕ್ಕೊಂದು ಬಾಬು ವಿಚಾರಿಸುವುದು. ಯಾವ ಕಡೆ ಸೋವಿಯೋ ಆ ಕುಡಿಕೆಗೆ ಒಂದು ಹುಣಸೆ ಬೀಜ. ಕೊನೆಗೆ ಯಾವ ಕುಡಿಕೆ ಭಾರವೋ ಆ ರಾಜ್ಯ ನಮ್ಮದು.

ಇಲ್ಲಿನ ದರ ಮಾವನಿಗೆ ಬಾಯಿಪಾಠ. ಆಚೆಯ ದರ ಹೇಳುವವರು ಯಾರು? ಮನೆಯಲ್ಲೇ ಇದ್ದಳಲ್ಲ ಕುಂಪಣಿ ಸೊಸೆ!

ಇಲ್ಲೇ ನೋಡಿ ಎಡವಟ್ಟು. ಒಂದನೆಯದು, ತವರಿನಲ್ಲಿ ನಾನು ಒಂದು ದಿನವೂ ಉಪ್ಪು ಕೊಂಡವಳಲ್ಲ. ಉಪ್ಪು ಮಡಕೆಯಲ್ಲಿ ಇರುತ್ತಿತ್ತು, ನಾನು ತೆಗೆದು ಸಾರಿಗೆ ಹಾಕುತ್ತಿದ್ದೆ, ಅಷ್ಟೇ. ಎರಡನೆಯದು, ಹೊಸ ಸೊಸೆಯನ್ನು ಅವಳ ತವರಿನ ಬಗ್ಗೆ ಕೇಳಿದರೆ ಏನು ಹೇಳಿಯಾಳು? ಅಲ್ಲಿ ಎಲ್ಲ ಸಮೃದ್ಧಿ, ಎಲ್ಲ ಅಗ್ಗ, ಬದನೆಕಾಯಿಗೆ ಹುಳವೇ ಇಲ್ಲ. ಮೂರನೆಯದು, ಮತ್ತು ದೊಡ್ಡದು: ಸೊಸೆ ಮಾವನೊಡನೆ ಮಾತಾಡುವಂತಿರಲಿಲ್ಲ. ನಮ್ಮಲ್ಲಿ ಆಗ ಅದೇ ರೂಢಿ. ಮದುವೆಯಾಗಿ ವರ್ಷವಾದರೂ ನನ್ನ ದನಿ ಹೇಗಿದೆಯೆಂದು ಅವರು ಎದುರೆದುರು ಕೇಳಿರಲಿಲ್ಲ. ಎಲ್ಲ ಮಾತೂ ಅತ್ತೆಯ ಮೂಲಕ.

ಹಾಗಾಗಿ ಊಟವಾದ ಮೇಲೆ ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಎದುರಿನ ಗೋಡೆಯನ್ನು ಕೇಳುವರು:

"ಹಂಗಾರ ತಾಳಿಕೋಟಿ ಕಡಿ ಉಪ್ಪಿಗೆ ಏನ್ ನಡದದ ಅಂತ?"

ಅಡಿಗೆಮನೆಯ ಬಾಗಿಲಲ್ಲಿ ಕೂತ ಅತ್ತೆ ನನ್ನ ಕಡೆ ತಿರುಗುವರು. "ಏ ಹುಡುಗಿ, ನಿಮ್ಮ ಮಾವ ಕೇಳಾಕತ್ತಾರ. ಉಪ್ಪು ಹೆಂಗ?"

ನಾನು ಸೆರಗು ಸರಿಮಾಡಿಕೊಂಡು, ಪಿಸುಮಾತಿನಲ್ಲಿ, ತವರಿನ ಮಾನ ಕಾಯುವ ಗತ್ತಿನಲ್ಲಿ: "ಆಣೆಗೆ ಎರಡು ಸೇರರಿ ಅತ್ತೆಮ್ಮಾರ. ಮ್ಯಾಲೆ ಒಂದು ಹಿಡಿ ಕೊಸರು ಹಾಕ್ತಾರ್ರಿ."

ಅತ್ತೆ ಕತ್ತು ತಿರುಗಿಸಿ ದೊಡ್ಡ ದನಿಯಲ್ಲಿ: "ಆಣೆಗೆ ಒಂದು ಸೇರಂತ ನೋಡ್ರಿ. ಅದೂ ಕಲ್ದಾರ ಆಣೆ!"

ನಾನು ಬಾಯಿ ತೆರೆದು ಅವರ ಬೆನ್ನನ್ನೇ ನೋಡುತ್ತಿದ್ದೆ. ಅತ್ತೆಯ ಮಾತನ್ನು ತಿದ್ದಬೇಕೆಂದರೆ ಮಾವನಿಗೆ ಕೇಳುವಂತೆ ಮಾತಾಡಬೇಕು, ಅದು ಆಗದು. ಹೀಗೆ ನಾನು ಇಳಿಸಿದ್ದನ್ನು ಅವರು ಏರಿಸುವುದು. ನನ್ನ ಬೆಲ್ಲ ಅವರ ಬಾಯಲ್ಲಿ ತುಟ್ಟಿಯಾಗುತ್ತಿತ್ತು, ನನ್ನ ತವರಿನ ಗಟ್ಟಿ ಹಾಲಿಗೆ ಅವರ ಬಾಯಲ್ಲಿ ನೀರು ಬೀಳುತ್ತಿತ್ತು. ಮಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಇರ್ಲಿ, ಒಂದೂವರಿ ಸೇರು ಹಿಡಿಯೂಣು" ಎನ್ನುವರು. ಆ ಒಂದೂವರೆ ಎಲ್ಲಿಂದ ಬಂತೆಂದು ನಾವಿಬ್ಬರೂ ಕೇಳಲಿಲ್ಲ. ವ್ಯಾಪಾರಿಯ ಅಂದಾಜು ಇರಬೇಕು ಎಂದುಕೊಂಡೆವು.

ತೆರಿಗೆಯ ವಿಚಾರ ಬಂದ ಸಂಜೆ ಮಾತ್ರ ಇಬ್ಬರ ಸಹಾಯವೂ ಬೇಕಾಗಲಿಲ್ಲ. ಆಚೆ ರಾಜ್ಯದಲ್ಲಿ ಮನೆಪಟ್ಟಿ ಇದೆ, ಅದು ಸರಿ. ಗಳಿಸಿದ್ದರ ಮೇಲೂ ಒಂದು ತೆರಿಗೆಯಿದೆ, ವರ್ಷಕ್ಕೆ ಎಷ್ಟು ದುಡಿದೆ ಎಂದು ಸರ್ಕಾರಕ್ಕೆ ಬರೆದುಕೊಡಬೇಕು ಎಂದು ಯಾರೋ ಬಜಾರಿನಲ್ಲಿ ಅವರಿಗೆ ಹೇಳಿದ್ದರು. ನಮ್ಮಂಥ ಸಣ್ಣ ಅಂಗಡಿಯವರ ಗೊಡವೆಗೆ ಆ ತೆರಿಗೆ ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಆ ಸಂಜೆ ಮಾವ ಕಂಬ ಬಿಟ್ಟು ಎದ್ದೇ ನಿಂತಿದ್ದರು.

"ಎಷ್ಟು ಗಳಿಸಿದಿ ಅಂತ ಕಟ್ಟಿಕೊಂಡ ಹೆಂಡ್ತಿ ಕೇಳಿದ್ರ ಹೇಳಿಲ್ಲ ನಾ. ಸರ್ಕಾರಕ್ಕ ಹೇಳ್ಲೇನು?"

"ನನಗೂ ಹೇಳಬ್ಯಾಡ್ರಿ, ಅವರಿಗೂ ಹೇಳಬ್ಯಾಡ್ರಿ, ಇಲ್ಲೇ ಇರೂಣು" ಎಂದರು ಅತ್ತೆ, ಬಹಳ ಮೃದುವಾಗಿ. ಆ ರಾತ್ರಿ ಮೊಗಲಾಯಿ ಕುಡಿಕೆಗೆ ಎರಡು ಬೀಜ ಬಿದ್ದವು.

ನಮ್ಮವರ ಬಗ್ಗೆ ಹೇಳಲಿಲ್ಲ ಎನ್ನಬೇಡಿ. ನನ್ನ ಗಂಡನನ್ನು ಗುಟ್ಟಾಗಿ ಕೇಳಿದೆ, ನಿಮಗೆ ಯಾವ ಕಡೆ ಮನಸ್ಸು ಎಂದು. "ಅಪ್ಪ ಅಂದಂಗ" ಎಂದು ಹೇಳಿ ಮಗ್ಗುಲಾದರು. ಜೀವಮಾನವಿಡೀ ಅವರ ಅಭಿಪ್ರಾಯ ಅಷ್ಟರ ಆಚೆ ಹೋದದ್ದಿಲ್ಲ.

ನನ್ನ ಮನಸ್ಸು ಯಾವ ಕಡೆ ಎಂದು ನಿಮಗೆ ಬಿಡಿಸಿ ಹೇಳಬೇಕೇ? ತಾಳಿಕೋಟೆಯ ಬಜಾರಿನಿಂದ ನಮ್ಮ ಅವ್ವನ ಮನೆಗೆ ಕೂಗಳತೆ. ವರ್ಷಕ್ಕೊಮ್ಮೆ ಪಂಚಮಿಗೆ ಅಣ್ಣ ಕರೆಯಲು ಬರುವುದನ್ನು ಕಾಯುತ್ತ ಕೂಡುವ ಬದಲು, ಸಾರಿಗೆ ಒಗ್ಗರಣೆ ಹಾಕಿ ಓಡಿ ಹೋಗಿ ಅವ್ವನನ್ನು ನೋಡಿ ಬರಬಹುದು. ಒಲೆಯ ಮುಂದೆ ಕೂತು ನಾನು ದಿನಾ ಆ ಓಣಿಯಲ್ಲಿ ಓಡುತ್ತಿದ್ದೆ. ಅತ್ತೆ ದರ ಏರಿಸಿದಾಗೆಲ್ಲ ಆ ಓಣಿ ಇನ್ನಷ್ಟು ದೂರ ಹೋಗುತ್ತಿತ್ತು. ಇವರಿಗೆ ಯಾಕೆ ಈ ಹಠ ಎಂದು ಹೊಟ್ಟೆಯುರಿಯುತ್ತಿತ್ತು. ಗಟ್ಟಿ ಹೆಂಗಸು, ಬೆಳಗಾದರೆ ಓಣಿಯನ್ನೇ ಎಬ್ಬಿಸುವ ದನಿ. ಇಂಥವರಿಗೆ ಯಾವ ಊರಾದರೇನು ಎಂದು ಅಂದುಕೊಂಡಿದ್ದೆ.

ನಾಗರ ಅಮಾವಾಸ್ಯೆಗೆ ಅವರು ನನ್ನನ್ನು ಸಗರಕ್ಕೆ ಕರೆದುಕೊಂಡು ಹೋದರು. ಸಗರ ಅವರ ತವರು, ಶಹಾಪುರದ ಹಾದಿಯಲ್ಲಿ. ಅಲ್ಲಿ ಅವರ ತಾಯಿ, ನಾವೆಲ್ಲ ಸಗರದ ಆಯಿ ಎನ್ನುತ್ತಿದ್ದ ಹಣ್ಣು ಮುದುಕಿ, ಅತ್ತೆಯ ಅಣ್ಣನ ತುಂಬಿದ ಮನೆಯಲ್ಲಿ ಒಂದು ಮೂಲೆ ಹಿಡಿದು ಇದ್ದರು. ಪ್ರತಿ ಅಮಾವಾಸ್ಯೆಗೆ ಅತ್ತೆ ಬೆಣ್ಣೆಯ ಗಡಿಗೆ ಹಿಡಿದು ಹೋಗುವುದನ್ನು ನೋಡಿದ್ದೆ. ಜೊತೆಗೆ ಹೋದದ್ದು ಅದೇ ಮೊದಲು. ಆಯಿಗೆ ಕಣ್ಣು ಮಂಜು. ಅತ್ತೆ ಹತ್ತಿರ ಹೋಗಿ ಕೂತ ಕೂಡಲೇ ಆಕೆ ಕೈ ಚಾಚಿ ಮಗಳ ತಲೆ ಮುಟ್ಟಿ ನೋಡಿದರು.

"ಏನs ಇದು, ತಲಿ ಒಣಗಿ ಕಟಗಿ ಆಗ್ಯಾದ? ನಿನ್ನ ಗಂಡನ ಅಂಗಡ್ಯಾಗ ಎಣ್ಣಿ ತೀರೇದೇನು?"

ನಮ್ಮ ಅತ್ತೆ, ಓಣಿಯನ್ನೇ ಎಬ್ಬಿಸುವ ನಮ್ಮ ಅತ್ತೆ, ಹಾಗೆಯೇ ವಾಲಿ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಆಯಿ ಬಟ್ಟಲಲ್ಲಿ ಎಣ್ಣೆ ತರಿಸಿ, ನರೆತ ಆ ತಲೆಗೆ ಹಚ್ಚುತ್ತ, ಬೈಯುತ್ತ, ಮತ್ತೆ ಹಚ್ಚುತ್ತ ಕೂತರು. ಅತ್ತೆಯ ಕಾಲು ಸೀರೆಯೊಳಗೆ ಮುದುಡಿಕೊಂಡಿದ್ದವು. ನನಗೆ ಅಲ್ಲಿರಲು ಸಂಕೋಚವಾಯಿತು. ಬಾವಿಯ ಕಡೆ ಹೋಗಿ, ಬೇಡವಾದ ನೀರನ್ನು ಎರಡು ಕೊಡ ಸೇದಿದೆ.

ತಿರುಗಿ ಬರುವಾಗ ಬಂಡಿಯಲ್ಲಿ ಅತ್ತೆ ಒಂದೇ ಮಾತು ಹೇಳಿದರು. "ತಾಳಿಕೋಟಿಗಿ ಹೋದ್ರ, ಅಮಾಸಿಗೊಮ್ಮೆ ಬರಾಕ ಆಗಂಗಿಲ್ಲ. ಮುದಕಿ ಕೈ ಚಾಚಿದ್ರ ಗ್ವಾಡಿ ಸಿಗ್ತದ." ನನ್ನ ಅವ್ವ ಬೇಕು ಎಂದರೆ ಅವರ ಅವ್ವ ಹೋಗುತ್ತಾಳೆ. ಎರಡು ಕುಡಿಕೆಯಲ್ಲಿ ಇದ್ದದ್ದು ಇದೇ ಎಂದು ಆಗ ತಿಳಿಯಿತು. ತಿಳಿದರೂ ನನ್ನ ಆಸೆ ಕಡಿಮೆಯಾಗಲಿಲ್ಲ. ಹದಿನಾರು ವರ್ಷದವಳು, ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ತರಲಿ?

ಮುಂದೆ ಎರಡು ದಿನಕ್ಕೆ ಅಣ್ಣ ಬಂಡಿ ಹೂಡಿಕೊಂಡು ಪಂಚಮಿಗೆ ಕರೆಯಲು ಬಂದ. ಮಾವ ಗೋಡೆಗೆ ಹೇಳಿದರು: "ಕಣ್ಣಿಲೆ ನೋಡಿ, ಕಿವಿಲೆ ಕೇಳಿ, ದರ ಎಲ್ಲಾ ಖರೇಖರೇ ತಗೊಂಡು ಬರ್ಲಿ. ಬಂದ ಮ್ಯಾಲ ಹೂಂ ಉಹೂಂ ಹೇಳಿ ಕಳಸೂಣು." ಗೋಡೆಯ ಪರವಾಗಿ ಅತ್ತೆ ತಲೆಯಾಡಿಸಿದರು.

ತವರಿನಲ್ಲಿ ಜೋಕಾಲಿ ಆಡುವುದು ಬಿಟ್ಟು ನಾನು ಉಪ್ಪಿನ ಬೆಲೆ ಕೇಳಿದ್ದಕ್ಕೆ ಅವ್ವ ಮೊದಲು ನಕ್ಕಳು. ಕಾರಣ ಕೇಳಿದ ಮೇಲೆ ಅವಳ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಸಂಜೆಯೇ ನಮ್ಮ ಓಣಿಯಲ್ಲಿ ಖಾಲಿಯಿದ್ದ ಮನೆಯನ್ನು ತೋರಿಸಿದಳು. ಇಲ್ಲಿ ಒಲೆ, ಇಲ್ಲಿ ಬಚ್ಚಲು, ಇಲ್ಲಿ ನಿನ್ನ ಅತ್ತೆಯ ಬೀಸುವ ಕಲ್ಲು. ಮರುದಿನ ಬೆಳಗ್ಗೆ ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು. ಬೆಚ್ಚಗಿನ ಎಣ್ಣೆ, ಅವಳ ಬೆರಳು. ನಾನು ಹಾಗೆಯೇ ಹಿಂದಕ್ಕೆ ವಾಲಿದೆ. ವಾಲಿದ ಕೂಡಲೇ ಸಗರದ ಪಡಸಾಲೆ ಕಣ್ಣಿಗೆ ಬಂತು. ಆ ಮುದುಡಿದ ಕಾಲುಗಳು. ನನಗೆ ಅಳು ಒತ್ತಿ ಬಂತು.

"ಯಾಕವಾ, ಅತ್ತಿ ಬೈತಾಳೇನು?" ಎಂದಳು ಅವ್ವ.

ನಾನು ಎಲ್ಲ ಹೇಳಿದೆ. ಅವ್ವನ ಕೈ ನಿಂತಿತು. "ನನಗರೆ ನಿಮ್ಮ ಅಣ್ಣ ಅದಾನ, ಮೊಮ್ಮಕ್ಕಳು ಅದಾವ. ಆ ಮುದಕಿಗಿ ಕಣ್ಣೂ ಇಲ್ಲಂತಿ" ಎಂದು ಮತ್ತೆ ಎಣ್ಣೆ ಹಚ್ಚಿದಳು. ಆಮೇಲೆ ಅವಳು ಆ ಖಾಲಿ ಮನೆಯ ಹೆಸರು ಎತ್ತಲಿಲ್ಲ. ಹೊರಡುವ ದಿನ ಎರಡು ಇಳಕಲ್ ಸೀರೆ ತೆಗೆದಿಟ್ಟಳು, ಒಂದು ನನಗೆ, ಒಂದು ನಮ್ಮ ಅತ್ತೆಗೆ.

ಈಗ ನಿಮಗೆ ಗಡಿನಾಡಿನ ಒಂದು ಗುಟ್ಟು ಹೇಳಬೇಕು. ಗಂಟಿನಲ್ಲಿ ಹೊಸ ಸೀರೆ ಕಂಡರೆ ನಾಕಾದಲ್ಲಿ ಸುಂಕ. ಉಟ್ಟ ಸೀರೆಗೆ ಸುಂಕವಿಲ್ಲ. ಆದ್ದರಿಂದ ಆಚೆ ತವರಿದ್ದ ಈಚೆಯ ಸೊಸೆಯರೆಲ್ಲ ಪಂಚಮಿ ಮುಗಿಸಿ ಬರುವಾಗ ಒಂದರ ಮೇಲೊಂದು ಎರಡು ಸೀರೆ, ಧೈರ್ಯವಿದ್ದವರು ಮೂರು ಸೀರೆ ಉಟ್ಟು ಬರುತ್ತಿದ್ದರು. ಶ್ರಾವಣದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಗಡಿ ದಾಟುವಾಗ ದಪ್ಪಗಾಗುವರು, ಮನೆಗೆ ಬಂದು ತೆಳ್ಳಗಾಗುವರು. ನಾನೂ ನನ್ನದನ್ನು ಒಳಗೆ, ಅತ್ತೆಯದನ್ನು ಮೇಲೆ ಉಟ್ಟೆ. ಹೊಸ ಗಂಜಿ, ಬಿಸಿಲು, ಬಂಡಿಯ ಕುಲುಕಾಟ. ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಎರಡು ಸೀರೆಯ ಬೆವರಿಗೆ ಹಾಗಾಗಿದೆ ಎಂದು ಅಣ್ಣನೂ ನಾನೂ ತಿಳಿದೆವು. ನಾವಿಬ್ಬರೂ ಎಂಥ ಜಾಣರು ನೋಡಿ.

ನಾಕಾದಲ್ಲಿ ಬಿಳಿಗಡ್ಡದ ಜವಾನನೊಬ್ಬ ಇದ್ದ. ಹೋಗುವಾಗಲೂ ಅವನೇ ಗಳ ಎತ್ತಿದ್ದ. ಬುಟ್ಟಿಯಲ್ಲಿ ಏನಿದೆ ಎಂದು ಕೇಳಿ, ಅಣ್ಣ "ಬರೇ ಪಂಚಮಿ ಉಂಡಿ ಅವರಿ ಚಾಚಾ" ಎಂದು ಒಂದನ್ನು ಅವನ ಕೈಗಿಟ್ಟ ಮೇಲೆ, ನನ್ನ ಕಡೆ ನೋಡಿದ. ನಾನು ಬಂಡಿಯಲ್ಲಿ ಜೋಳದ ಚೀಲದ ಹಾಗೆ ಕೂತಿದ್ದೆ. ಸೊಂಟ ಬಗ್ಗುತ್ತಿರಲಿಲ್ಲ.

"ಅರೇ ಬೇಟಿ, ಹೋಗೂ ಮುಂದ ಕಡ್ಡಿ ಇದ್ದಿ. ಉಂಡಿ ಭಾಳ ತಿಂದೀಯೇನು?"

ನಾನು ತಲೆ ತಗ್ಗಿಸಿದೆ. ಅವನಿಗೂ ಆಚೆಯೋ ಈಚೆಯೋ ಮಗಳಿದ್ದಳೇನೋ. "ಹೋಗು, ಹೋಗು" ಎಂದು ನಗುತ್ತ ಗಳ ಎತ್ತಿದ.

ಮನೆಗೆ ಬಂದು ಒಳಗೆ ಹೋಗಿ ಮೇಲಿನ ಸೀರೆ ಬಿಚ್ಚಿ ಅತ್ತೆಯ ಕೈಯಲ್ಲಿಟ್ಟೆ. "ಅವ್ವ ಕೊಟ್ಟಾಳರಿ, ನಿಮಗ." ಮೈಬಿಸಿ ಇನ್ನೂ ಆರಿರಲಿಲ್ಲ. ಅವರು ಅದನ್ನು ಮುಖಕ್ಕೆ ಹಿಡಿದು ಗಂಜಿಯ ವಾಸನೆ ನೋಡಿದರು. ಆಮೇಲೆ ನನ್ನ ಬಿಳಿಚಿದ ಮುಖ ನೋಡಿದರು. ದಾರಿಯಲ್ಲಿ ಏನಾಯಿತು ಎಂದು ಕೇಳಿದರು. ಸೀರೆಯ ಬೆವರಿನ ಕಥೆ ಹೇಳಿದೆ. ಅವರು ನಗಲಿಲ್ಲ. ನನ್ನ ಗಲ್ಲ ಹಿಡಿದು ತಿರುಗಿಸಿ, ಕಣ್ಣಿನ ಕೆಳಗೆ ನೋಡಿ, "ಯವ್ವಾ, ಇದು ಸೀರಿ ಮಾಡಿದ ಕೆಲಸ ಅಲ್ಲ" ಎಂದರು. ಆ ದನಿ ನನಗೆ ಹೊಸದು.

ಸಂಜೆ ಮಾವ ಕಂಬಕ್ಕೆ ಒರಗಿದರು. ಕುಡಿಕೆಗಳು ಬಂದವು. ನಾನು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಇನ್ನೊಮ್ಮೆ ಬದಲಾದೇನು ಎಂಬ ಹೆದರಿಕೆಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೇ ಹೇಳಿದೆ.

"ಉಪ್ಪು ಹೆಂಗಂತ?" ಎಂದರು ಮಾವ ಗೋಡೆಗೆ.

"ಭಾಳ ತುಟ್ಟಿ ಅದರಿ ಅತ್ತೆಮ್ಮಾರ. ಆಣೆಗೆ ಸೇರು ಪೂರಾ ಬರಂಗಿಲ್ಲ."

ಅತ್ತೆ ದೊಡ್ಡ ದನಿಯಲ್ಲಿ: "ಆಣೆಗೆ ಎರಡು ಸೇರಂತರಿ! ಮ್ಯಾಲೆ ಕೊಸರು ಬ್ಯಾರೆ."

ನಾನು ಕಣ್ಣು ತೆರೆದೆ. ಅವರ ಬೆನ್ನು ಅಲುಗಲಿಲ್ಲ.

"ಮನಿ ಬಾಡಿಗಿ?"

"ಕೈಗಿ ಹತ್ತಂಗಿಲ್ಲರಿ. ಮ್ಯಾಲೆ ಸೋರತಾವಂತ."

"ಬಾಡಿಗಿ ಏನೂ ಅಲ್ಲಂತರಿ. ಅವರ ಅವ್ವನ ಮನಿ ಮಗ್ಗುಲs ಮನಿ ಖಾಲಿ ಅದಂತ. ಬಸರಿ ಹೆಂಗಸು, ಹೆತ್ತಾಕಿ ಹತ್ತರ ಇದ್ರ ಚಲೋ."

ನಾನು ಆ ಖಾಲಿ ಮನೆಯ ಮಾತನ್ನು ಹೇಳಿರಲೇ ಇಲ್ಲ. ಬಂಡಿ ಬಿಡುವಾಗ ಅಣ್ಣ ಬಾಯಿಬಿಟ್ಟಿದ್ದನೆಂದು ಕಾಣುತ್ತದೆ. "ಅತ್ತೆಮ್ಮಾರ, ಬ್ಯಾಡ್ರಿ" ಎಂದೆ. ಅವರು ಹಿಂದೆ ಕೈ ಚಾಚಿ ನನ್ನ ಮೊಣಕಾಲನ್ನು ಅಮುಕಿದರು, ಸುಮ್ಮನಿರು ಎಂದು.

ಪಡಸಾಲೆಯ ಕಡೆ ಬಗ್ಗಿ ನೋಡಿದೆ. ಮಾವ ಎರಡೂ ಕುಡಿಕೆ ಎತ್ತಿ, ಒಂದರ ಬೀಜವನ್ನು ಇನ್ನೊಂದಕ್ಕೆ ಸುರಿಯುತ್ತಿದ್ದರು. ಅವರ ಹೆಗಲು ನಗುವಿಗೆ ಕುಣಿಯುತ್ತಿತ್ತು.

"ಈ ಮನಿ ಪಡಸಾಲಿಗೂ ಅಡಗಿಮನಿಗೂ ನಡುವ ಎಷ್ಟು ದೂರ ಅದ? ನನ್ನ ಕಿವಿ ನೆಟ್ಟಗ ಅವ" ಎಂದರು ಗೋಡೆಗೆ. "ಇಷ್ಟು ದಿನ ಆಕಿ ಹೇಳಿದ್ದೂ ಕೇಳೀನಿ, ನೀ ಹೇಳಿದ್ದೂ ಕೇಳೀನಿ. ನಡುವಿಂದು ಹಿಡದ್ರ ಬಂಡಿಯವರು ಹೇಳೂ ದರಕ್ಕ ಸರಿಬೀಳತಿತ್ತು. ಇವತ್ತು ಮ್ಯಾಲಿದ್ದದ್ದು ಕೆಳಗ, ಕೆಳಗಿದ್ದದ್ದು ಮ್ಯಾಲ ಆಗ್ಯಾದ. ಸೋವಿ ತುಟ್ಟಿ ಎರಡೂ ಈ ಮನ್ಯಾಗ ಹುಟ್ಟಾಕತ್ತಾವ, ತಾಳಿಕೋಟ್ಯಾಗ ಅಲ್ಲ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಆಮೇಲೆ ಮಾವ ಒಂದು ಕೆಲಸ ಮಾಡಿದರು. ಗೋಡೆಯನ್ನು ಬಿಟ್ಟು ಅಡಿಗೆಮನೆಯ ಬಾಗಿಲ ಕಡೆ, ನೇರ ನನ್ನ ಕಡೆ ತಿರುಗಿದರು. "ತಂಗಿ, ಸಗರದ ಮುದಕಿ ಇರೂ ತನಕ ಗಡಿ ದಾಟೂದು ಬ್ಯಾಡ. ಉಹೂಂ ಅಂತ ಹೇಳಿ ಕಳಸ್ತೀನಿ. ಆದ್ರ ನೀ ಪಂಚಮಿಗಷ್ಟ ಅಲ್ಲ, ದೀಪಾವಳಿಗೂ ಹೋಗು, ಉಗಾದಿಗೂ ಹೋಗು. ನನ್ನ ಬಂಡಿ ಕಳಸ್ತೀನಿ. ಆಗಬಹುದೇನು?"

ಆಗದು ಎನ್ನುವ ಆಸೆ ಇನ್ನೂ ಇತ್ತು. ಅದನ್ನು ನುಂಗಿದೆ. "ಹೂಂರಿ ಮಾವಾರ" ಎಂದೆ. ಅವರಿಗೆ ನಾನು ಆಡಿದ ಮೊದಲ ಮಾತು ಅದು. ಆ ರಾತ್ರಿ ನಾನು ದಿಂಬು ತೋಯುವಷ್ಟು ಅತ್ತುಬಿಟ್ಟೆ. ಅವ್ವನ ಓಣಿ ತಪ್ಪಿತೆಂದು ಅತ್ತದ್ದೇ, ಅದರಲ್ಲಿ ಸುಳ್ಳಿಲ್ಲ. ಬೆಳಗ್ಗೆ ಎದ್ದಾಗ ಅತ್ತೆ ಆ ಹುಣಸೆ ಬೀಜವನ್ನೆಲ್ಲ ಹುರಿದು, ಸಿಪ್ಪೆ ತೆಗೆದು, ಬಟ್ಟಲಲ್ಲಿ ನನ್ನ ಮುಂದೆ ಇಟ್ಟಿದ್ದರು. ಎರಡು ರಾಜ್ಯವನ್ನೂ ಕುರುಕುರು ತಿಂದೆ. ಮುಂದಿನ ಅಮಾವಾಸ್ಯೆಗೆ ಅವರು ಆ ಇಳಕಲ್ ಸೀರೆ ಉಟ್ಟು ಸಗರಕ್ಕೆ ಹೋಗಿ, ಆಯಿಗೆ ಮುಟ್ಟಿಸಿ ತೋರಿಸಿ ಬಂದರು.

ಆಮೇಲಿನದು ನಿಮಗೇ ಗೊತ್ತು. ಆಯಿ ತೀರಿಕೊಂಡರು. ನಾವು ಗಡಿ ದಾಟುವ ಮಾತು ಮತ್ತೆ ಎತ್ತುವುದರೊಳಗೆ ನಿಜಾಮರ ರಾಜ್ಯ ಹೋಯಿತು, ಹಾಲಿ ರೂಪಾಯಿ ಹೋಯಿತು, ಕೆಲವು ವರ್ಷಕ್ಕೆ ನಾಕಾದ ಗುಡಿಸಲೂ ಹೋಯಿತು. ಈಗ ತಾಳಿಕೋಟೆಗೆ ಬಸ್ಸಿನಲ್ಲಿ ಕೂತರೆ ಆ ಹಳ್ಳ ಬಂದದ್ದೇ ತಿಳಿಯುವುದಿಲ್ಲ. ನನಗೆ ಮಾತ್ರ ಅಲ್ಲಿ ಸೊಂಟ ಬಿಗಿಯುತ್ತದೆ. ಅತ್ತೆ ಹೋಗುವ ಮೊದಲು ಆ ಸೀರೆಯನ್ನು ನನ್ನ ಕೈಗಿಟ್ಟು, "ನಿಮ್ಮವ್ವಂದು, ನಿನಗs" ಎಂದಿದ್ದರು. ಟ್ರಂಕಿನಲ್ಲಿ ಇದ್ದದ್ದು ಅದೇ.

ಈ ಹೊತ್ತು ಬೆಳಗ್ಗೆ ಸುಜಾತಾ ಸೂಟ್‌ಕೇಸನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿದಳು. ಮುಳ್ಳು ವಿಮಾನದವರು ಹೇಳಿದ ತೂಕದ ಗೀಟು ದಾಟಿತು. ಉಪ್ಪಿನಕಾಯಿ ತೆಗೆದಳು, ಶೇಂಗಾ ಹಿಂಡಿ ತೆಗೆದಳು. ಕೊನೆಗೆ ಸೀರೆಯನ್ನು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು.

"ಇದು ಹಿಡಿಯಂಗಿಲ್ಲ ಅಜ್ಜಿ. ಮುಂದಿನ ಸಲ ಒಯ್ತೀನಿ. ಬರ್ತೀನಲ್ಲ, ಟಿಕೇಟು ಸೋವಿ ಅದ."

"ಸುಜಾತಾ, ಖರೇ ಹೇಳು. ಟಿಕೇಟು ಎಷ್ಟು?"

ಅವಳು ನೆಲ ನೋಡಿದಳು. ನಿಜವಾದ ದರ ಹೇಳಿದಳು. ಎರಡು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಾನು ಇಷ್ಟು ದಿನ ಅಲ್ಲಿ ತುಟ್ಟಿ ಇರಬೇಕು, ಬಿಸಿಲು ಇರಬೇಕು, ನೀರು ಒಗ್ಗದಿರಬೇಕು ಎನ್ನುತ್ತ ಬಂದದ್ದೆಲ್ಲ ನೆನಪಾಯಿತು. ಇವಳು ನನ್ನ ಸಲುವಾಗಿ ಇಳಿಸುತ್ತಿದ್ದಳು, ನಾನು ನನ್ನ ಸಲುವಾಗಿ ಏರಿಸುತ್ತಿದ್ದೆ. ನಡುವೆ ಕೂತು ಕೇಳಿಸಿಕೊಳ್ಳುವ ಮಾವ ಈಗಿಲ್ಲ.

"ವಿಮಾನದಾಗ ಮೈ ತೂಗತಾರೇನು?" ಎಂದು ಕೇಳಿದೆ.

"ಮೈ ಯಾಕ ತೂಗತಾರ ಅಜ್ಜಿ?"

"ಹಂಗಾರ ಉಟಗೊಂಡು ಹೋಗು."

ಚೂಡಿದಾರದ ಮೇಲೆಯೇ ಉಡಿಸಿದೆ. ನಿರಿಗೆಗಳು ಸೊಟ್ಟಗಾದವು, ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಹೊರಗೆ ಗಾಡಿ ಹಾರ್ನು ಹೊಡೆಯಿತು. ನಾನು ಬಾಗಿಲಿಗೆ ಮೊದಲೇ ಹೋಗಿ, ಊರುಗೋಲನ್ನು ಹೊಸ್ತಿಲಿಗೆ ಅಡ್ಡ ಹಿಡಿದು ನಿಂತೆ. ಅವಳು ಸೂಟ್‌ಕೇಸು ಎಳೆದುಕೊಂಡು, ದಪ್ಪಗೆ, ಬಗ್ಗಲಾಗದೆ ಬಂದಳು.

"ಅರೇ ಬೇಟಿ" ಎಂದೆ, "ಉಂಡಿ ಭಾಳ ತಿಂದೀಯೇನು?"

ಅವಳಿಗೆ ಅರ್ಥವಾಗಲಿಲ್ಲ. ಕೋಲು ಎತ್ತಿದೆ. "ಹೋಗು, ಹೋಗು."